ಮಾಡಿದೆ, ಮಾಡಿದೆವು, ಮಾಡಲಾಯಿತು



ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಪರೀಕ್ಷೆಯ ಕಾಲ. ಪರೀಕ್ಷೆ ನನ್ನದಲ್ಲ, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಸಿವಿಲ್ ಎಂಜಿನಿಯರ್ ಆಗಿರುವ ಮೊಮ್ಮಗಳದು. ಓದಿಸುವ ಮೇಷ್ಟ್ರ ಕೆಲಸ ಮಾತ್ರ ನನಗೆ ಬಂತು. ಪ್ರತಿ ಭಾನುವಾರ ರಾತ್ರಿ ಎಂಟು ಗಂಟೆಗೆ, ಅವಳಿಗೆ ಮಧ್ಯಾಹ್ನ ಮೂರೂವರೆ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂರುತ್ತಿದ್ದೆವು.

“ಎಂಜಿನಿಯರಿಂಗ್ ಪಾಸಾಗಿ ಆರು ವರ್ಷ ಆಯಿತಲ್ಲ, ಇನ್ನೇನು ಪರೀಕ್ಷೆ ಪುಟ್ಟಿ?” ಎಂದು ನಾನೂ ಮೊದಲು ಕೇಳಿದ್ದೆ. ಅವಳು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಲಂಡನ್ನಿನಲ್ಲಿ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಎಂಬ ಸಂಸ್ಥೆ ಇದೆ. 1818ರ ಜನವರಿಯಲ್ಲಿ ಕೆಲವು ಯುವ ಎಂಜಿನಿಯರುಗಳು ಒಂದು ಕಾಫಿ ಅಂಗಡಿಯಲ್ಲಿ ಸೇರಿ ಅದನ್ನು ಶುರು ಮಾಡಿದರು. ಕಾಫಿ ಕುಡಿಯುತ್ತಾ ಎಷ್ಟೋ ಜನ ಎಷ್ಟೋ ಮಾತಾಡುತ್ತಾರೆ, ಇವರ ಮಾತು ಇನ್ನೂರು ವರ್ಷ ಬಾಳಿತು. 1820ರಲ್ಲಿ ಅದರ ಮೊದಲ ಅಧ್ಯಕ್ಷರಾದವರು ಥಾಮಸ್ ಟೆಲ್‌ಫರ್ಡ್. ಸ್ಕಾಟ್ಲೆಂಡಿನ ಕುರಿಗಾಹಿಯೊಬ್ಬನ ಮಗ, ಕಲ್ಲುಕುಟಿಗನಾಗಿ ಕೆಲಸ ಕಲಿತವರು. ವೇಲ್ಸಿನ ಮೆನಾಯ್ ಜಲಸಂಧಿಯ ಮೇಲೆ 1826ರಲ್ಲಿ ತೆರೆದ ಅವರ ತೂಗುಸೇತುವೆ ಇಂದಿಗೂ ನಿಂತಿದೆ. 1828ರಲ್ಲಿ ಸಂಸ್ಥೆಗೆ ರಾಜನ ಸನ್ನದು ಸಿಕ್ಕಿತು. ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ ಆಚರಿಸುತ್ತೀರಲ್ಲ, ಆ ನಮ್ಮ ವಿಶ್ವೇಶ್ವರಯ್ಯನವರೂ ಈ ಸಂಸ್ಥೆಯ ಸದಸ್ಯರಾಗಿದ್ದರು.

ಡಿಗ್ರಿ ಇದ್ದ ಮಾತ್ರಕ್ಕೆ ಈ ಸದಸ್ಯತ್ವ ಸಿಗುವುದಿಲ್ಲ. ಕೆಲವು ವರ್ಷ ಕೆಲಸ ಮಾಡಿ, ತಾನು ಮಾಡಿದ ಕೆಲಸದ ಬಗ್ಗೆ ಸುಮಾರು ಐದು ಸಾವಿರ ಪದಗಳ ವರದಿ ಬರೆಯಬೇಕು. ಇಬ್ಬರು ಅನುಭವಿ ಎಂಜಿನಿಯರುಗಳು ಅದನ್ನು ಮೊದಲೇ ಓದಿಕೊಂಡು ಬಂದಿರುತ್ತಾರೆ. ಅವರ ಮುಂದೆ ಹದಿನೈದು ನಿಮಿಷ ವಿವರಣೆ ಕೊಡಬೇಕು, ಆಮೇಲೆ ಪ್ರಶ್ನೆಗಳು. ಅವರು ನೋಡುವುದು ಏಳು ಗುಣಗಳನ್ನು: ಎಂಜಿನಿಯರಿಂಗ್ ತಿಳಿವಳಿಕೆ, ಕೆಲಸ ನಡೆಸುವ ಶಕ್ತಿ, ಹಣಕಾಸಿನ ಅರಿವು, ಕೆಲಸಗಾರರ ಸುರಕ್ಷತೆ, ಪರಿಸರದ ಕಾಳಜಿ, ಮಾತು–ಬರಹ, ವೃತ್ತಿನಿಷ್ಠೆ. ನಮ್ಮ ಶಾಲೆಗಳ ಹಾಗೆ ಗಣಿತದಲ್ಲಿ ತೊಂಬತ್ತು ಬಂತು, ಇನ್ನೊಂದರಲ್ಲಿ ಪಾಸಾಗುವಷ್ಟು ಬಂದರೂ ಸಾಕು ಎಂಬ ಲೆಕ್ಕ ಅಲ್ಲಿಲ್ಲ. ಏಳೂ ಇರಬೇಕು. ಒಂದರಲ್ಲಿ ಸಾಲದಾದರೂ ಮತ್ತೆ ತಯಾರಾಗಿ ಬರಬೇಕು.

ವರದಿಯನ್ನು ಅವಳು ನನಗೆ ಕಳಿಸಿದಳು. ಪಕ್ಕದ ಬೀದಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕೂತೆ. ಎಂಜಿನಿಯರಿಂಗ್ ನನಗೆ ಅರ್ಥವಾಗದು, ನಾನು ಬಿ.ಕಾಂ. ಆದರೆ ಮೂವತ್ತೇಳು ವರ್ಷ ಲೆಡ್ಜರ್ ನೋಡಿದ ಕಣ್ಣಿಗೆ ಒಂದು ಸಂಗತಿ ಬಿತ್ತು. ವರದಿಯ ತುಂಬ ‘ನಾವು ಲೆಕ್ಕ ಹಾಕಿದೆವು’, ‘ನಾವು ತೀರ್ಮಾನಿಸಿದೆವು’, ‘ಪರಿಶೀಲಿಸಲಾಯಿತು’, ‘ಸರಿಪಡಿಸಲಾಯಿತು’. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ, ಅರವತ್ತೊಂದು ಆಯಿತು.

“ಪುಟ್ಟಿ, ಇದರಲ್ಲಿ ನೀನು ಎಲ್ಲಮ್ಮಾ?” ಎಂದೆ.

“ತಾತ, ನಾನು ನಾನು ಅಂತ ಬರೆದರೆ ಜಂಬ ಅನ್ನಿಸಲ್ವಾ? ಚಿಕ್ಕವಳಿದ್ದಾಗ ನೀವೇ ತಾನೇ ಹೇಳ್ತಿದ್ದಿದ್ದು, ನಾನು ಅನ್ನಬಾರದು ಅಂತ.”

ನಿಜ, ಹೇಳಿದ್ದೆ. ಈಗ ತಿದ್ದಬೇಕಾಯಿತು.

ಬ್ಯಾಂಕಿನಲ್ಲಿ ಒಂದು ಚೀಟಿ ಬಂದರೆ ಅದನ್ನು ಬರೆದ ಗುಮಾಸ್ತ ಮೂಲೆಯಲ್ಲಿ ಚಿಕ್ಕ ಸಹಿ ಹಾಕಬೇಕು, ನೋಡಿದ ಅಧಿಕಾರಿ ಪಕ್ಕದಲ್ಲಿ ತನ್ನ ಸಹಿ ಹಾಕಬೇಕು. ‘ನಾವು’ ಎಂಬ ಹೆಸರಿನಲ್ಲಿ ಸಹಿ ಹಾಕಲು ಬರುವುದಿಲ್ಲ. ಆ ಚಿಕ್ಕ ಸಹಿ ಜಂಬವಲ್ಲ. ನಾಳೆ ಲೆಕ್ಕ ತಪ್ಪಿದರೆ ನನ್ನನ್ನು ಕೇಳಿ ಎಂಬ ಮಾತು. ಇದನ್ನು ಹೇಳಿ, “ಇಂಗ್ಲಿಷ್ ಬಿಡು, ನಿನ್ನ ಕೆಲಸವನ್ನು ಕನ್ನಡದಲ್ಲಿ ನನಗೆ ಹೇಳು” ಎಂದೆ. ಕನ್ನಡದಲ್ಲಿ ‘ನಾನು’ ಎಂದು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲವಲ್ಲ ಮಕ್ಕಳೇ! ‘ಮಾಡಿದೆ’ ಎಂದರೆ ಒಬ್ಬಳು. ‘ಮಾಡಿದೆವು’ ಎಂದರೆ ಹಲವರು. ‘ಮಾಡಲಾಯಿತು’ ಎಂದರೆ ಯಾರೋ, ದೇವರೇ ಬಲ್ಲ. ವ್ಯಾಕರಣದಲ್ಲಿ ಏಕವಚನ, ಬಹುವಚನ, ಕರ್ಮಣಿ ಪ್ರಯೋಗ ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದೇ ಇದು.

ಅವಳು ಹೇಳುತ್ತಾ ಹೋದಳು. “ಮಳೆನೀರಿನ ಅಳತೆ ಲೆಕ್ಕ ಹಾಕಿದೆ. ಕೊಳವೆಯ ಗಾತ್ರ ಗೊತ್ತುಮಾಡಿದೆ. ನಕ್ಷೆ ಬರೆದದ್ದು ನನ್ನ ಜೊತೆಯವನು, ಪರಿಶೀಲಿಸಿದ್ದು...” ಅಲ್ಲಿಗೆ ನಿಂತಳು.

“ಹೂಂ, ಪರಿಶೀಲಿಸಿದ್ದು?”

“ನಾನೇ ತಾತ.”

ಆಮೇಲೆ ನಿಧಾನವಾಗಿ ಹೊರಬಂತು. ರಸ್ತೆಯ ಕೆಳಗೆ ಹಾಕುವ ಮಳೆನೀರಿನ ಕೊಳವೆಗೆ ಒಂದು ಕಡೆ ವಾಟ ಉಲ್ಟಾ ಇತ್ತಂತೆ. ನೀರು ಹರಿಯಬೇಕಾದ ಕಡೆಗೆ ಇಳಿಯುವ ಬದಲು ಏರು. ನಕ್ಷೆ ನೋಡಿ ಸರಿಯಿದೆ ಎಂದು ಒಪ್ಪಿಗೆ ಕೊಟ್ಟವಳು ಇವಳೇ. ವಾರದ ಮೇಲೆ ಕೆಲಸದ ಜಾಗಕ್ಕೆ ಹೋದಾಗ ಕಣ್ಣಿಗೆ ಬಿತ್ತು. ಆಗಲೇ ನಾಲ್ಕು ಕೊಳವೆ ಇಳಿಸಿಯಾಗಿತ್ತು. ಕೆಲಸ ನಿಲ್ಲಿಸಲು ಹೇಳಿ, ಮೇಲಿನವರಿಗೆ ಫೋನ್ ಮಾಡಿ, ಹೊಸ ನಕ್ಷೆ ಮಾಡಿಸಿದಳು. ಎರಡು ದಿನದ ಕೆಲಸ ಹಾಳು. ವರದಿಯಲ್ಲಿ ಅದು ಇದ್ದದ್ದು ಒಂದೇ ಸಾಲು: ‘ಒಂದು ವ್ಯತ್ಯಾಸವನ್ನು ಗುರುತಿಸಿ ಸರಿಪಡಿಸಲಾಯಿತು.’

“ಅವರು ಕೇಳದಿದ್ದರೆ ಆಯಿತು ಅಂತ ಹಾಗೆ ಬರೆದೆ. ನನ್ನ ತಪ್ಪು ನಾನೇ ಹೇಳಿಕೊಂಡರೆ ಫೇಲ್ ಮಾಡಲ್ವಾ ತಾತ?”

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕೆಂದರೆ ನನಗೂ ಒಂದು ‘ಲಾಯಿತು’ ಇತ್ತು. ಈ ಅಂಕಣದಲ್ಲಿ ಇಷ್ಟು ವರ್ಷ ನಿಮಗೂ ಹೇಳಿಲ್ಲ.

1984ರಲ್ಲಿ ನಾನು ಆಫೀಸರ್ ಬಡ್ತಿಯ ಲಿಖಿತ ಪರೀಕ್ಷೆ ಪಾಸಾಗಿ ಇಂಟರ್‌ವ್ಯೂಗೆ ಹೋಗಿದ್ದೆ. ಮೂವರು ಅಧಿಕಾರಿಗಳು ಕೂತಿದ್ದರು. ಒಬ್ಬರು ಲೆಟರ್ ಆಫ್ ಕ್ರೆಡಿಟ್ ಬಗ್ಗೆ ಕೇಳಿದರು. ಪುಸ್ತಕದಲ್ಲಿದ್ದದ್ದನ್ನು ಗಿಣಿಯ ಹಾಗೆ ಒಪ್ಪಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ನಮ್ಮ ಶಾಖೆಯಲ್ಲಿ ಇದನ್ನೆಲ್ಲ ನಾವೇ ಮಾಡುತ್ತೇವೆ ಸಾರ್” ಎಂದುಬಿಟ್ಟೆ. “ಹೋದ ವರ್ಷ ಎಷ್ಟು ಮಾಡಿದಿರಿ?” ಎಂದರು. ನಮ್ಮದು ಅಡಿಕೆ–ತೆಂಗಿನ ಊರಿನ ಸಣ್ಣ ಶಾಖೆ, ಅಲ್ಲಿ ಒಂದೂ ಆಗಿರಲಿಲ್ಲ. ನಾನು ಸುಮ್ಮನೆ ಕೂತೆ. ಅವರು ಗದರಲಿಲ್ಲ, ನಗಲೂ ಇಲ್ಲ. ಕಾಗದ ಮಗುಚಿ ಹಾಕಿ, “ಆಯ್ತು, ನೀವು ಹೊರಡಬಹುದು” ಎಂದರು.

ಮನೆಗೆ ಬಂದು ನಾನು ಹೇಳಿದ್ದು ಬೇರೆ. “ವಶೀಲಿ ಇದ್ದವರಿಗೆ ಕೊಟ್ಟರು” ಎಂದೆ. ಹೆಂಡತಿ ನಂಬಿದಳು, ಮಕ್ಕಳು ನಂಬಿದರು. ಹೇಳುತ್ತಾ ಹೇಳುತ್ತಾ ಎಷ್ಟೋ ವರ್ಷ ನಾನೇ ನಂಬಿದ್ದೆ. ಮತ್ತೆ ಅರ್ಜಿ ಹಾಕಲಿಲ್ಲ. ವಶೀಲಿಯ ಮುಂದೆ ಓದಿ ಏನು ಪ್ರಯೋಜನ ಎಂಬ ನೆಪ ಸಿಕ್ಕಿತ್ತಲ್ಲ. ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ನಿವೃತ್ತನಾದೆ. ಗುಮಾಸ್ತಿಕೆಯಲ್ಲಿ ಅವಮಾನವೇನಿಲ್ಲ. ಆ ಸುಳ್ಳಿನಿಂದಾಗಿ ಎರಡನೇ ಸಲ ಪ್ರಯತ್ನಿಸದೆ ಹೋದೆನಲ್ಲ, ನಷ್ಟ ಆದದ್ದು ಅಲ್ಲಿ.

ಇದನ್ನು ಆ ರಾತ್ರಿ ಮೊಮ್ಮಗಳಿಗೆ ಹೇಳಿದೆ. ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದ ನಮ್ಮ ಮನೆಯಾಕೆ ಎದ್ದು ಬಂದಳು. “ನಲವತ್ತು ವರ್ಷ ಆ ಆಫೀಸರಿಗೆ ಶಾಪ ಹಾಕಿದೀನಿ. ಈಗ ಎಲ್ಲಿ ಹುಡುಕಿಕೊಂಡು ಹೋಗಿ ತಪ್ಪಾಯ್ತು ಅನ್ನಲಿ?” ಎಂದು ಕೇಳಿದಳು. ಫೋನಿನಲ್ಲಿ ಮೊಮ್ಮಗಳು ನಕ್ಕಳು. ಆಕೆ ನಗಲಿಲ್ಲ. ಎರಡು ದಿನ ಕಾಫಿಯನ್ನು ಮೇಜಿನ ಮೇಲೆ ಕುಕ್ಕಿ ಇಟ್ಟು ಹೋಗುತ್ತಿದ್ದಳು. ಅದು ನನಗೆ ಸಲ್ಲಬೇಕಾದದ್ದೇ.

ಮೊಮ್ಮಗಳು ಆ ಒಂದು ಸಾಲನ್ನು ಅಳಿಸಿ ಎರಡು ಪ್ಯಾರಾ ಬರೆದಳು. ‘ನಕ್ಷೆಯನ್ನು ಪರಿಶೀಲಿಸಿದ್ದು ನಾನು. ವಾಟ ತಪ್ಪಿದ್ದನ್ನು ಗಮನಿಸಲಿಲ್ಲ. ಸ್ಥಳದಲ್ಲಿ ಕಂಡಾಗ ಕೆಲಸ ನಿಲ್ಲಿಸಿದೆ. ಅಂದಿನಿಂದ ಪ್ರತಿ ನಕ್ಷೆಯಲ್ಲೂ ಮಟ್ಟಗಳನ್ನು ಬೇರೆ ಕಾಗದದ ಮೇಲೆ ಬರೆದು ತಾಳೆ ನೋಡುತ್ತೇನೆ.’ ಜೊತೆಯವನು ಮಾಡಿದ ಕೆಲಸಕ್ಕೆ ಅವನದೇ ಹೆಸರು ಹಾಕಿದಳು. ಮುಂದಿನ ಭಾನುವಾರಗಳಲ್ಲಿ ನಾನು ಕೇಳುವ ಪ್ರಶ್ನೆ ಮೂರೇ ಆದವು: ನೀನು ಏನು ಮಾಡಿದೆ? ಯಾಕೆ ಹಾಗೆ ಮಾಡಿದೆ? ಬೇರೆ ದಾರಿ ಇರಲಿಲ್ಲವಾ? ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ, ಇಂಥವರನ್ನು ಕೇಳಿ ತಿಳಿಯುತ್ತೇನೆ” ಎನ್ನುವುದನ್ನೂ ಅಭ್ಯಾಸ ಮಾಡಿಸಿದೆ. ನನಗೆ ಬಾರದೆ ಹೋದ ಉತ್ತರ ಅದೇ.

ಹೋದ ವಾರ ಸಂದರ್ಶನ ಆಯಿತು. ಇಬ್ಬರಲ್ಲಿ ಒಬ್ಬರು ಕೊಳವೆಯ ವಿಷಯವನ್ನೇ ಹಿಡಿದುಕೊಂಡು ಬಹಳ ಹೊತ್ತು ಕೇಳಿದರಂತೆ. “ಗಂಟಲು ಒಣಗಿತು ತಾತ, ಆದರೆ ಒಂದು ಮಾತನ್ನೂ ನೆನಪಿಟ್ಟುಕೊಂಡು ಹೇಳಬೇಕಾಗಲಿಲ್ಲ” ಎಂದಳು. ಫಲಿತಾಂಶಕ್ಕೆ ಇನ್ನೂ ಕೆಲವು ವಾರ ಇದೆ. ಬಂದಾಗ ಏನೇ ಇರಲಿ, ಇಲ್ಲೇ ಬರೆಯುತ್ತೇನೆ. ಈ ಸಲ ವಶೀಲಿಯ ಕಥೆ ಇರುವುದಿಲ್ಲ.

ಈ ವಾರದ ಮನೆಗೆಲಸ: ಮಕ್ಕಳೇ, ನೀವು ಮಾಡಿದ ಯಾವುದಾದರೂ ಒಂದು ಪ್ರಾಜೆಕ್ಟಿನ ಬಗ್ಗೆ ಹತ್ತು ವಾಕ್ಯ ಬರೆಯಿರಿ. ‘ಮಾಡಿದೆ’ ಎಷ್ಟು, ‘ಮಾಡಿದೆವು’ ಎಷ್ಟು ಎಣಿಸಿ. ಅಪ್ಪ ಅಂಟಿಸಿಕೊಟ್ಟಿದ್ದರೆ ‘ಅಪ್ಪ ಅಂಟಿಸಿದರು’ ಎಂದೇ ಬರೆಯಿರಿ. ಅಜ್ಜ ಅಜ್ಜಿಯರೇ, ನಿಮ್ಮ ಮನೆಗೆಲಸ ಸ್ವಲ್ಪ ಕಷ್ಟದ್ದು. ನಿಮ್ಮ ಹಳೆಯ ‘ಲಾಯಿತು’ ಒಂದನ್ನು ಹುಡುಕಿ, ಈ ಭಾನುವಾರ ಮೊಮ್ಮಕ್ಕಳಿಗೆ ‘ಮಾಡಿದೆ’ ಎಂದು ಹೇಳಿ ನೋಡಿ. ಕಾಫಿ ಎರಡು ದಿನ ಖಾರವಾದೀತು, ಆಮೇಲೆ ಸರಿಹೋಗುತ್ತದೆ.