ಒಲವು ಯಾರದು?



ಭಾನುವಾರದ ಬಲಿಪೂಜೆಯಲ್ಲಿ ನಾವು ಹಾಡುವ ಮಹಿಮಾಗೀತೆ ಶುರುವಾಗುವುದು ಬೆತ್ಲೆಹೇಮಿನ ದೇವದೂತರ ಹಾಡಿನಿಂದ. ದೇವರಿಗೆ ಮಹಿಮೆ, ಭೂಮಿಯಲ್ಲಿ ಶಾಂತಿ ಎನ್ನುವವರೆಗೆ ಯಾರದೂ ತಕರಾರಿಲ್ಲ. ಆ ಶಾಂತಿ ಯಾರಿಗೆ ಎನ್ನುವಲ್ಲಿ ತೊಡಕು.

ಸಂತ ಲೂಕರು ಅಲ್ಲಿ (2:14) ಬಳಸಿದ ಗ್ರೀಕ್ ಪದ 'ಯೂದೊಕಿಯ'. 'ಯೂ' ಎಂದರೆ ಚೆನ್ನಾಗಿ. ಉಳಿದ ಭಾಗ ತೋರು, ಅನ್ನಿಸು ಎಂಬ ಅರ್ಥದ ಧಾತುವಿನದು. ಒಬ್ಬರನ್ನು ಕಂಡು ಮನಸ್ಸಿಗೆ ಹಿತವೆನಿಸುವುದು, ಮೆಚ್ಚುವುದು, ಒಲಿಯುವುದು. ಲತೀನ್ ಬೈಬಲಿನಲ್ಲಿ ಇದು 'ಬೋನೆ ವೊಲುಂತಾತಿಸ್' ಆಯಿತು, ಅಂದರೆ ಒಳ್ಳೆಯ ಮನಸ್ಸಿನ. ಲತೀನ್ ಪೂಜೆ ಕೇಳಿ ಬೆಳೆದ ಹಿರಿಯರಿಗೆ ಇದು ಕಿವಿಯಲ್ಲೇ ಇದ್ದೀತು. ಇದನ್ನು ಕೇಳಿದಾಗ ನಾವು ಅರ್ಥ ಮಾಡಿಕೊಳ್ಳುವುದು ಹೀಗೆ: ಒಳ್ಳೆಯ ಮನಸ್ಸು ಇದ್ದವರಿಗೆ ಶಾಂತಿ, ಇಲ್ಲದವರು ಹೊರಗೆ.

ಇನ್ನೊಂದು ಗೊಂದಲ ಒಂದೇ ಒಂದು ಅಕ್ಷರದ್ದು. 4ನೇ ಶತಮಾನದ ವ್ಯಾಟಿಕನ್ ಮತ್ತು ಸಿನಾಯ್ ಹಸ್ತಪ್ರತಿಗಳ ಮೂಲ ಬರಹದಲ್ಲಿ ಪದದ ಕೊನೆಗೆ 'ಸ್' ಇದೆ: ಒಲವಿನ ಮನುಷ್ಯರಿಗೆ ಶಾಂತಿ. ನಂತರದ ಬಹಳಷ್ಟು ಪ್ರತಿಗಳಲ್ಲಿ ಅದಿಲ್ಲ. 1611ರ ಇಂಗ್ಲಿಷ್ ಬೈಬಲು ಅವುಗಳನ್ನು ಅನುಸರಿಸಿ, ಮನುಷ್ಯರ ಕಡೆಗೆ ಸದ್ಭಾವನೆ ಎಂದು ಬರೆಯಿತು. ಕ್ರಿಸ್‌ಮಸ್ ಕಾರ್ಡುಗಳಿಗೆ ಅದೇ ಬಂತು.

ಸರಿ, ಒಲವು ಯಾರದು? 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಕೃತಜ್ಞತಾ ಗೀತೆಗಳೂ ಇದ್ದವು. ಅವುಗಳಲ್ಲಿ 'ಆತನ ಒಲವಿನ ಮಕ್ಕಳು' ಎಂಬಂಥ ಹೀಬ್ರೂ ಮಾತು ಬರುತ್ತದೆ. ಒಲವು ದೇವರದು! ದೇವರು ಒಲಿದವರಿಗೆ ಶಾಂತಿ ಎಂದೇ ಈಗ ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಲೂಕರಲ್ಲೇ ನೋಡಿ. ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದ ಯೇಸುವನ್ನು ಪಿತನು ಮೆಚ್ಚಿದನೆನ್ನುವಾಗಲೂ (3:22) ಇದೇ ಮೂಲದ ಕ್ರಿಯಾಪದ. ಆಗ ಯೇಸು ಇನ್ನೂ ಒಂದು ಪ್ರಬೋಧನೆಯನ್ನೂ ಕೊಟ್ಟಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ಕುರುಬರೂ ಅಷ್ಟೇ, ರಾತ್ರಿ ಮಂದೆ ಕಾಯುತ್ತಿದ್ದರು. ಅವರ ಮನಸ್ಸು ಒಳ್ಳೆಯದೋ ಕೆಟ್ಟದೋ ಎಂದು ದೂತರು ಕೇಳಲಿಲ್ಲ.

ಹಾಗೆಂದು ಮನುಷ್ಯರ ಸದ್ಭಾವನೆ ಸುಳ್ಳಲ್ಲ. ಸೆರೆಯಲ್ಲಿದ್ದ ಸಂತ ಪೌಲರು, ಕೆಲವರು ಮತ್ಸರದಿಂದ, ಕೆಲವರು ಯೂದೊಕಿಯದಿಂದ ಕ್ರಿಸ್ತನನ್ನು ಸಾರುತ್ತಾರೆ ಎನ್ನುತ್ತಾರೆ (ಫಿಲಿಪ್ಪಿ 1:15). 1963ರಲ್ಲಿ ಪೋಪ್ 23ನೇ ಯೊವಾನ್ನರು ಶಾಂತಿಯ ಕುರಿತ ತಮ್ಮ ವಿಶ್ವಪತ್ರವನ್ನು ಕಥೋಲಿಕರಿಗಷ್ಟೇ ಅಲ್ಲದೆ ಸದ್ಭಾವನೆಯ ಎಲ್ಲರಿಗೂ ಬರೆದರು. ಆದರೆ ನಮ್ಮೊಳಗೆ ಅಂಥ ಮನಸ್ಸನ್ನು ಹುಟ್ಟಿಸುವವನೂ ದೇವರೇ ಎಂದು ಪೌಲರು ಅದೇ ಪತ್ರದಲ್ಲಿ ಮುಂದೆ (2:13) ಹೇಳುತ್ತಾರೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಕ್ಯಾರಲ್ ತಂಡದವರು ಕನ್ನಡದಲ್ಲೊಂದು, ತಮಿಳಿನಲ್ಲೊಂದು ಹಾಡು ಕಲಿತು ಮನೆಗಳ ಪಟ್ಟಿ ಮಾಡುತ್ತಾರೆ. ಹಬ್ಬದ ಚಂದಾ ಕೊಡದವರು, ಬೇಲಿಯ ಜಗಳದಲ್ಲಿ ಮಾತು ಬಿಟ್ಟವರು, ಗುಡಿಗೆ ಬರುವುದನ್ನೇ ನಿಲ್ಲಿಸಿದವರು ಆ ಪಟ್ಟಿಯಿಂದ ಮೆಲ್ಲನೆ ಜಾರಿಹೋಗುತ್ತಾರೆ. ಹಾಡುವುದು ಮಾತ್ರ ಭೂಮಿಯಲ್ಲಿ ಶಾಂತಿ ಎಂದು! ಈ ಸಲ ಆ ಮನೆಗಳನ್ನೂ ಬರೆದುಕೊಳ್ಳಿ. ಬಾಗಿಲು ತೆರೆಯದಿದ್ದರೆ ಅಂಗಳದಲ್ಲೇ ನಿಂತು ಹಾಡಿ ಬನ್ನಿ. ಡಬ್ಬಿ ಚಾಚುವುದು ಬೇಡ.