ಅಕ್ಕೋರ ಫೋನಿಗೆ ಬೀಗ: ಕೀಲಿ ಯಾರ ಕೈಲಿ?

ಹಿರೇಗುತ್ತಿ ಕಡೆಯ ತಾಯಂದಿರಿಗೆ ಇದು ಪರಿಚಿತ ದೃಶ್ಯ. ಅಂಗನವಾಡಿಯ ಅಕ್ಕೋರು ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡುತ್ತಾರೆ, ಎತ್ತರ ಅಳೆಯುತ್ತಾರೆ. ಆಮೇಲೆ ಎರಡನ್ನೂ ಫೋನಿಗೆ ತುಂಬುತ್ತಾರೆ. ಬಸುರಿ ಬಾಣಂತಿಯರಿಗೆ ಮನೆಗೆ ಕೊಡುವ ಪೌಷ್ಟಿಕ ಆಹಾರ ಬೇಕಾದರೆ ಅದೇ ಫೋನಿನ ಎದುರು ಮುಖ ತೋರಿಸಬೇಕು. 2025ರ ಜುಲೈ 1ರಿಂದ ಈ ಮುಖ ಗುರುತು ದೇಶಾದ್ಯಂತ ಕಡ್ಡಾಯವಾಗಿದೆ. ಅಂದರೆ ನಿಮ್ಮ ಮಗಳ ಮುಖ, ಆಕೆಯ ಆಧಾರ್ ಸಂಖ್ಯೆ, ಮೊಮ್ಮಗುವಿನ ತೂಕ, ಮನೆಯ ವಿವರ ಎಲ್ಲವೂ ಒಂದು ಅಂಗೈಯಗಲದ ಯಂತ್ರದ ಮೂಲಕ ಹಾದುಹೋಗುತ್ತವೆ.

ಆರೋಗ್ಯದ ಅಂಕಣದಲ್ಲಿ ಫೋನಿನ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ, ಸ್ವಲ್ಪ ತಾಳಿ.

ಬಹಳ ವರ್ಷಗಳ ಹಿಂದೆ ನಾನು ಕೆಲಸ ಕಲಿಯುತ್ತಿದ್ದ ಆಸ್ಪತ್ರೆಯೊಂದರಲ್ಲಿ, ಹೆಸರು ಬೇಡ, ಹೊರರೋಗಿಗಳ ದಾಖಲೆ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲೆ ಸದಾ ತೆರೆದೇ ಬಿದ್ದಿರುತ್ತಿತ್ತು. ಚೀಟಿ ಮಾಡಿಸಲು ನಿಂತವರು ಬೇಸರ ಕಳೆಯಲು ಅದರ ಮೇಲೆ ಕಣ್ಣಾಡಿಸುತ್ತಿದ್ದರು. ಒಬ್ಬ ಹುಡುಗಿಯ ಹೆಸರಿನ ಮುಂದೆ ‘ಕ್ಷಯ’ ಎಂದು ಬರೆದದ್ದನ್ನು ಹಾಗೆಯೇ ಯಾರೋ ಓದಿದರು. ಆಕೆ ಔಷಧಿ ಮುಗಿಸಿ ಪೂರ್ಣ ಗುಣವಾದಳು, ಆದರೆ ಗೊತ್ತಾಗಿದ್ದ ಸಂಬಂಧ ಮುರಿದುಹೋಯಿತು. ರೋಗ ಆರು ತಿಂಗಳಲ್ಲಿ ವಾಸಿಯಾಯಿತು, ಊರ ಬಾಯಿ ಮಾತ್ರ ಹಲವು ವರ್ಷ ಮುಚ್ಚಲಿಲ್ಲ. ಅಂದಿನಿಂದ ನನಗೆ ಔಷಧಿಯ ಕಪಾಟಿನಷ್ಟೇ ದಾಖಲೆಯ ಕಪಾಟಿನ ಬೀಗವೂ ಮುಖ್ಯವೆನಿಸಿದೆ.

ಈಗ ಆ ಪುಸ್ತಕ ಫೋನಿನೊಳಗೆ ಹೋಗಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದ ದಶಕಗಳ ಕಾಲ ಅಂಗನವಾಡಿಯ ಲೆಕ್ಕವೆಲ್ಲ ದಪ್ಪ ಪುಸ್ತಕಗಳಲ್ಲಿಯೇ ಇತ್ತು. 2018ರ ಮಾರ್ಚ್‌ನಲ್ಲಿ ಪೋಷಣ್ ಅಭಿಯಾನ ಶುರುವಾಗಿ ಕಾರ್ಯಕರ್ತೆಯರ ಕೈಗೆ ಸ್ಮಾರ್ಟ್‌ಫೋನು ಬಂತು. 2021ರ ಮಾರ್ಚ್‌ನಲ್ಲಿ ‘ಪೋಷಣ್ ಟ್ರ್ಯಾಕರ್’ ಬಂತು. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು ಮನೆಮನೆಗೆ ತರುವ ಫೋನು, ಟ್ಯಾಬ್‌ಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ಬಾಯಿ ಮತ್ತು ಸ್ತನದ ಕ್ಯಾನ್ಸರ್ ತಪಾಸಣೆಯ ವಿವರಗಳು ಇರುತ್ತವೆ. ಇಂಥ ಒಂದು ಫೋನು ಕುಮಟೆಯ ಬಸ್ಸಿನಲ್ಲಿ ಮರೆತುಹೋದರೆ? ತದಡಿಯ ದೋಣಿ ಇಳಿಯುವ ಗಡಿಬಿಡಿಯಲ್ಲಿ ಯಾರದೋ ಕೈ ಸೇರಿದರೆ?

ಇದಕ್ಕೆಂದೇ ಒಂದು ತಂತ್ರಾಂಶವಿದೆ. ಅದರ ಹೆಸರು ‘ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್’. ಚುಟುಕಾಗಿ ಎಂಡಿಎಂ ಎನ್ನುತ್ತಾರೆ. ದೂರದ ಕಚೇರಿಯಲ್ಲಿ ಕುಳಿತ ಒಬ್ಬ ವ್ಯಕ್ತಿ ಸಾವಿರಾರು ಫೋನುಗಳಿಗೆ ಒಮ್ಮೆಗೇ ಅಪ್ಪಣೆ ಕೊಡಲು ಇದರಿಂದ ಸಾಧ್ಯ. ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು, ಗುಪ್ತಸಂಖ್ಯೆ ಎಷ್ಟು ಅಂಕಿಯದಾಗಿರಬೇಕು ಎಂಬುದನ್ನು ಅಲ್ಲಿಂದಲೇ ಗೊತ್ತುಪಡಿಸಬಹುದು. ಕಳೆದುಹೋದ ಫೋನನ್ನು ಅಲ್ಲಿಂದಲೇ ಬೀಗ ಹಾಕಬಹುದು, ಒಳಗಿನದೆಲ್ಲವನ್ನೂ ಅಳಿಸಬಹುದು. ಒಂದು ಮಿತಿಯಿದೆ: ಫೋನು ನೆಟ್‌ವರ್ಕಿಗೆ ಸಿಕ್ಕಾಗ ಮಾತ್ರ ಈ ಅಪ್ಪಣೆ ಮುಟ್ಟುತ್ತದೆ. ಸಿಗ್ನಲ್ ಇಲ್ಲದ ಕಡೆ ತುಂಬಿದ ವಿವರ ಇನ್ನೂ ಕಚೇರಿಗೆ ಮುಟ್ಟಿರದಿದ್ದರೆ, ಅಳಿಸುವಾಗ ಅದೂ ಹೋಗುತ್ತದೆ.

ಯಾರು ಇದನ್ನು ಹಾಕಿಕೊಳ್ಳುತ್ತಾರೆ? ಬ್ಯಾಂಕುಗಳು, ಮನೆಗೆ ಸಾಮಾನು ತಲುಪಿಸುವ ಕಂಪನಿಗಳು, ಮಕ್ಕಳಿಗೆ ಟ್ಯಾಬ್ ಕೊಡುವ ಶಾಲೆಗಳು, ಸರಕಾರಿ ಇಲಾಖೆಗಳು. ಯಂತ್ರ ಬಹಳ, ನೋಡಿಕೊಳ್ಳುವ ಜನ ಕಡಿಮೆ, ಯಂತ್ರಗಳು ಊರೂರು ಚದುರಿವೆ, ಒಳಗಿರುವುದು ಬೇರೆಯವರ ಗುಟ್ಟು ಅಥವಾ ದುಡ್ಡು. ಈ ನಾಲ್ಕೂ ಕೂಡಿದಲ್ಲಿ ಇಂಥ ತಂತ್ರಾಂಶ ಇಲ್ಲದೆ ನಡೆಯುವುದಿಲ್ಲ. ಹತ್ತು ಜನರ ಕಚೇರಿಗೆ ಇದರ ಹಂಗಿಲ್ಲ, ಒಂದು ಜಿಲ್ಲೆಯ ಅಂಗನವಾಡಿಗಳಿಗೆ ಇದೆ.

ಆಸ್ಪತ್ರೆಗಳ ಮಾತಂತೂ ಬೇರೆಯೇ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಕಂಪ್ಯೂಟರ್ ಪಿಡುಗು ಜಗತ್ತಿನಾದ್ಯಂತ ಹರಡಿತು. ಕಡತಗಳನ್ನು ತೆರೆಯಲಾಗದಂತೆ ಮಾಡಿ ಹಣ ಕೇಳುವುದು ಅದರ ವಿಧಾನ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಅಂದಾಜು 19,000 ರೋಗಿಗಳ ಭೇಟಿ ರದ್ದಾಯಿತು. ಇದರಲ್ಲಿ ನನಗೆ ಖೇದವೆನಿಸುವ ಅಂಶವೆಂದರೆ, ಅದಕ್ಕೆ ತಡೆಮದ್ದು ಎರಡು ತಿಂಗಳ ಹಿಂದೆಯೇ, ಅಂದರೆ ಮಾರ್ಚ್‌ನಲ್ಲಿಯೇ ಸಿದ್ಧವಿತ್ತು. ಎಷ್ಟೋ ಕಂಪ್ಯೂಟರುಗಳಿಗೆ ಯಾರೂ ಅದನ್ನು ಹಾಕಿರಲಿಲ್ಲ, ಅಷ್ಟೇ. ಲಸಿಕೆ ಆರೋಗ್ಯ ಕೇಂದ್ರದ ಪೆಟ್ಟಿಗೆಯಲ್ಲಿದ್ದು ಮಗುವಿಗೆ ದಡಾರ ಬಂದ ಹಾಗೆ. ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ತಡೆಮದ್ದು ಹಾಕಿಸುವುದು, ಯಾವುದಕ್ಕೆ ಬಿಟ್ಟುಹೋಗಿದೆ ಎಂದು ಪಟ್ಟಿ ಕೊಡುವುದು ಇಂಥ ನಿರ್ವಹಣಾ ತಂತ್ರಾಂಶಗಳ ಮುಖ್ಯ ಕೆಲಸ. ನಮ್ಮಲ್ಲಿಯೂ 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ, ದಿನಗಟ್ಟಲೆ ವೈದ್ಯರು ಕೈಯಲ್ಲಿ ಚೀಟಿ ಬರೆಯಬೇಕಾಯಿತು. ಅದು ಫೋನಿನಿಂದ ಆದುದಲ್ಲ. ಆದರೆ ಕಂಪ್ಯೂಟರ್ ಕೈಕೊಟ್ಟರೆ ರೋಗಿಯ ಪಾಡೇನು ಎಂಬುದು ಅಂದು ದೇಶಕ್ಕೆ ಕಂಡಿತು.

ಇನ್ನೊಂದು ಕಾರಣ ಕಾನೂನು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಎಷ್ಟು ಕನ್ನಡಿಗರು ಬಲ್ಲರೋ. ಅದೇ ವರ್ಷ ಬಂದ ಎಚ್‌ಐವಿ ಕಾಯಿದೆ ಸೋಂಕಿತರ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ದಂಡದ ಭಯ ಬಂದ ಮೇಲೆ ಬೀಗದ ಅಂಗಡಿಗೆ ವ್ಯಾಪಾರ ಹೆಚ್ಚುವುದು ಸಹಜ.

ಇಲ್ಲಿಯವರೆಗೆ ನಾನು ಬೀಗದ ಪರ. ಇನ್ನು ಮುಂದಿನದು ತಕರಾರು.

2021ರಲ್ಲಿ ಹರಿಯಾಣದ ಆಶಾ ಕಾರ್ಯಕರ್ತೆಯರು ಬೀದಿಗಿಳಿದರು. ಕೆಲಸದ ಫೋನಿನಲ್ಲಿ ‘ಎಂಡಿಎಂ 360 ಶೀಲ್ಡ್’ ಎಂಬ ಆ್ಯಪ್ ಹಾಕಿಕೊಳ್ಳಬೇಕೆಂದು ಅವರಿಗೆ ಹೇಳಲಾಗಿತ್ತು. ನಾವು ಎಲ್ಲಿದ್ದೇವೆ, ಫೋನಿನಲ್ಲಿ ಏನು ಮಾಡುತ್ತೇವೆ ಎಂಬುದನ್ನೆಲ್ಲ ಇದು ಮೇಲಿನವರಿಗೆ ತೋರಿಸುತ್ತದೆ, ಇದು ನಮ್ಮ ಮೇಲಿನ ಕಾವಲು ಎಂಬುದು ಅವರ ಆಕ್ಷೇಪ. ಅದೇ ವರ್ಷ ಪಕ್ಕದ ಮಹಾರಾಷ್ಟ್ರದಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಕೆಲಸಕ್ಕೆ ಬಾರದ ಫೋನುಗಳನ್ನು ಸರಕಾರಕ್ಕೆ ಹಿಂದಿರುಗಿಸಿದರು. ಅಲ್ಲಿನ ದೂರು ಫೋನಿನ ಗುಣಮಟ್ಟದ್ದು ಮತ್ತು ಆ್ಯಪಿನ ಭಾಷೆಯದು. ಎರಡೂ ಕಡೆ ಕೇಳಬೇಕಾದವರನ್ನು ಮೊದಲು ಯಾರೂ ಕೇಳಿರಲಿಲ್ಲ.

ಹರಿಯಾಣದ ಹೆಂಗಸರು ಹೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಬೀಗ ಬೇರೆ, ಕಾವಲು ಬೇರೆ. ಒಂದೇ ತಂತ್ರಾಂಶದಲ್ಲಿ ಎರಡೂ ಇರುತ್ತವೆ, ಬೀಗದ ಹೆಸರು ಹೇಳಿ ಕಾವಲನ್ನೂ ಒಳಗೆ ಬಿಟ್ಟುಕೊಳ್ಳುವುದು ಸುಲಭ. ರೋಗಿಯ ಮಾಹಿತಿ ಕಾಯಲು ಫೋನಿಗೆ ಗುಪ್ತಸಂಖ್ಯೆ ಬೇಕು, ಕಳೆದರೆ ಅಳಿಸುವ ಉಪಾಯ ಬೇಕು. ಆದರೆ ಸಂಜೆ ಆರರ ಮೇಲೆ ಅಕ್ಕೋರು ತವರಿಗೆ ಹೋದರೋ ಜಾತ್ರೆಗೆ ಹೋದರೋ ಎಂದು ತಿಳಿದು ಯಾವ ಮಗುವಿನ ತೂಕ ಹೆಚ್ಚಬೇಕಾಗಿದೆ? ಇದರಿಂದ ನಿಮ್ಮ ಮನೆಗೂ ನಷ್ಟವಿದೆ. ಆಶಾ ಕಾರ್ಯಕರ್ತೆ ನಿಮ್ಮ ಜಗುಲಿಯಲ್ಲಿ ಅರ್ಧ ಗಂಟೆ ಕುಳಿತು ಸೊಸೆಯ ಕಷ್ಟ ಕೇಳಿದ್ದು ‘ಒಂದೇ ಕಡೆ ಕಾಲಹರಣ’ ಎಂದು ಲೆಕ್ಕಕ್ಕೆ ಬಂದರೆ, ಮುಂದಿನ ಸಲ ಆಕೆ ಹೊಸಿಲಾಚೆಯಿಂದಲೇ ಸಂಖ್ಯೆ ಕೇಳಿಕೊಂಡು ಹೋಗುತ್ತಾಳೆ. ಬಾಣಂತಿಯ ಮನಸ್ಸು ಕುಗ್ಗಿರುವುದು, ಗಂಡ ಕುಡಿದು ಹೊಡೆಯುವುದು ಇಂಥವು ಆ ಅರ್ಧ ಗಂಟೆಯಲ್ಲಿಯೇ ಹೊರಬರುವುದು. ಬಳಚು ಹೆಕ್ಕಲು ಅಘನಾಶಿನಿಗೆ ಇಳಿದ ತಾಯಿ ನೀರು ಏರುವವರೆಗೆ ಮನೆಗೆ ಬರುವುದಿಲ್ಲ, ಅವಳಿಗಾಗಿ ಕಾದು ಕುಳಿತ ಕಾರ್ಯಕರ್ತೆಯ ತಾಳ್ಮೆಯನ್ನು ನಕ್ಷೆಯ ಮೇಲಿನ ಒಂದು ಚುಕ್ಕೆ ಹೇಗೆ ಹೇಳೀತು?

ಫೋನು ಸಂಸ್ಥೆಯದಾದರೆ ಸಂಸ್ಥೆಗೆ ಒಂದು ಮಟ್ಟದ ಅಧಿಕಾರವಿದೆಯೆಂದು ಒಪ್ಪೋಣ. ಕಾರ್ಯಕರ್ತೆಯ ಸ್ವಂತ ಫೋನಿನಲ್ಲಿ ಕೆಲಸ ಮಾಡಿಸುತ್ತಾ ಅದಕ್ಕೂ ಇಂಥ ತಂತ್ರಾಂಶ ಹಾಕಿಸುವುದು ಮಾತ್ರ ಸಲ್ಲದು. ಸ್ವಂತ ಫೋನಿಗೆ ಬೇರೆ ದಾರಿಯಿದೆ. ಬೆಂಗಳೂರಿನ ಕಂಪನಿಯಲ್ಲಿರುವ ಮಗ ರಜೆಗೆ ಊರಿಗೆ ಬಂದಾಗ ಆತನ ಫೋನು ನೋಡಿ. ಕೆಲವು ಆ್ಯಪ್‌ಗಳ ಮೇಲೆ ಚಿಕ್ಕ ಕೈಚೀಲದ ಗುರುತು ಇದ್ದರೆ ಅದು ‘ವರ್ಕ್ ಪ್ರೊಫೈಲ್’. 2014ರ ಆಂಡ್ರಾಯ್ಡ್ 5ರಿಂದ ಈ ಸೌಲಭ್ಯವಿದೆ. ಒಂದೇ ಮನೆಯಲ್ಲಿ ಎರಡು ಕೋಣೆ ಇದ್ದ ಹಾಗೆ: ಕೆಲಸ ಬಿಟ್ಟ ದಿನ ಕಂಪನಿ ತನ್ನ ಕೋಣೆ ಖಾಲಿ ಮಾಡಿಕೊಂಡು ಹೋಗುತ್ತದೆ, ಆತನ ಮದುವೆಯ ಫೋಟೋಗಳಿಗೆ ಕೈಹಚ್ಚಲಾರದು. ಕಂಪನಿ ಕೆಲಸಗಾರರಿಗೆ ಸಿಗುವ ಈ ಮರ್ಯಾದೆ ಆರೋಗ್ಯ ಕಾರ್ಯಕರ್ತೆಗೆ ಏಕೆ ಸಿಗಬಾರದು?

ನಿಮ್ಮೂರ ಫೋನಿನಲ್ಲಿ ಏನಿದೆ ಎಂದು ತಿಳಿಯುವುದು ನಿಮ್ಮ ಹಕ್ಕು. ಅಕ್ಕೋರನ್ನು ಪೀಡಿಸಬೇಡಿ, ಅವರಿಗೂ ಯಾರೂ ಹೇಳಿರಲಾರರು. ಕುಮಟೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆಯಿರಿ. ಶುಲ್ಕ 10 ರೂ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಶಬ್ದಗಳೊಳಗೆ, ಒಂದೇ ವಿಷಯದ ಮೇಲೆ ಇರಬೇಕು. ಅಷ್ಟು ಸಾಕು: ಈ ಫೋನುಗಳಲ್ಲಿ ನಿರ್ವಹಣಾ ತಂತ್ರಾಂಶ ಇದೆಯೇ, ಅದು ಏನನ್ನು ನೋಡುತ್ತದೆ, ಕೆಲಸದ ವೇಳೆ ಮುಗಿದ ಮೇಲೂ ನೋಡುತ್ತದೆಯೇ, ಕೀಲಿ ಯಾವ ಕಚೇರಿಯ ಯಾವ ಹುದ್ದೆಯವರ ಬಳಿ ಇದೆ, ಫೋನು ಕಳೆದಾಗ ಎಷ್ಟು ಹೊತ್ತಿನಲ್ಲಿ ಅಳಿಸುತ್ತಾರೆ. ಉತ್ತರವನ್ನು ಕನ್ನಡದಲ್ಲಿಯೇ ಕೇಳಿ, ಬಂದ ಮೇಲೆ ಅದರ ಒಂದು ಪ್ರತಿಯನ್ನು ಅಕ್ಕೋರಿಗೂ ಕೊಡಿ.