ನೋಡುವವರೂ ರಂಗಕ್ಕೆ ಬರಲಿ

ಶಾಲಾ ಕಲೋತ್ಸವದ ದಿನಗಳು ಸಮೀಪಿಸಿದವೆಂದರೆ ನಮ್ಮ ಕನ್ನಡ ಶಾಲೆಗಳಲ್ಲಿಯೂ ನಾಟಕದ ಗಡಿಬಿಡಿ ಆರಂಭವಾಗುತ್ತದೆ. ಹೊರಗಿನಿಂದ ನಿರ್ದೇಶಕರು ಬರುತ್ತಾರೆ, ಹತ್ತು ಮಕ್ಕಳ ಆಯ್ಕೆಯಾಗುತ್ತದೆ, ಸಾವಿರಗಟ್ಟಲೆ ರೂಪಾಯಿ ವೆಚ್ಚವಾಗುತ್ತದೆ. ಎ ಗ್ರೇಡು ಬಂದರೆ ಹೆತ್ತವರಿಗೆ ಸಂತೋಷ, ಬಾರದಿದ್ದರೆ ತೀರ್ಪುಗಾರರ ಮೇಲೆ ಸಿಟ್ಟು. ಉಳಿದ ಮಕ್ಕಳಿಗೆ ಚಪ್ಪಾಳೆ ತಟ್ಟುವ ಕೆಲಸ. ಸ್ಪರ್ಧೆಯನ್ನು ನಾನು ಹಳಿಯುವುದಿಲ್ಲ. ಆದರೆ ನಾಟಕದಿಂದ ವಿದ್ಯೆಗೂ ಊರಿಗೂ ಆಗಬಹುದಾದ ದೊಡ್ಡ ಉಪಕಾರವೊಂದು ಇದರಲ್ಲಿ ಕೈತಪ್ಪಿ ಹೋಗುತ್ತಿದೆ.

ಬ್ರೆಜಿಲಿನ ರಂಗಕರ್ಮಿ ಅಗಸ್ಟೋ ಬೋವಾಲ್ 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯದಲ್ಲಿ ತೊಡಗಿದ್ದರು. ಊರವರದೇ ಒಂದು ಕಷ್ಟವನ್ನು ಚಿಕ್ಕ ನಾಟಕವಾಗಿ ಆಡುವುದು, ಬಿಕ್ಕಟ್ಟಿನಲ್ಲಿ ನಿಲ್ಲಿಸಿ ಮುಂದೇನೆಂದು ಪ್ರೇಕ್ಷಕರನ್ನು ಕೇಳುವುದು, ಅವರು ಹೇಳಿದಂತೆ ನಟರು ಆಡಿ ತೋರಿಸುವುದು ಅವರ ಕ್ರಮವಾಗಿತ್ತು. ಒಮ್ಮೆ ಹೆಂಗಸೊಬ್ಬಳಿಗೆ ತಾನು ಹೇಳಿದ್ದನ್ನು ನಟರು ಎಷ್ಟು ಸಲ ಆಡಿದರೂ ಸಮಾಧಾನವಾಗಲಿಲ್ಲ; ಕೊನೆಗೆ ಆಕೆ ತಾನೇ ರಂಗಕ್ಕೆ ಬಂದಳು. ನೋಡುವವನೇ ಆಡುವವನಾಗುವ ಈ ಪದ್ಧತಿ ಮುಂದೆ ಲೋಕದಲ್ಲೆಲ್ಲ ಹಬ್ಬಿತು. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ ಜನಸಂಸ್ಕೃತಿ ತಂಡವು 1985ರಲ್ಲಿ ಹುಟ್ಟಿ, ಹಳ್ಳಿಹಳ್ಳಿಗಳಲ್ಲಿ ಇದನ್ನು ನಡೆಸಿಕೊಂಡು ಬಂದಿದೆ.

ಇದೇನೋ ಪರದೇಶದ ಹೊಸ ಸರಕೆಂದು ಮೂಗು ಮುರಿಯಬೇಕಾಗಿಲ್ಲ. ಪಾರ್ತಿಸುಬ್ಬನ ನಾಡಿನವರಾದ ನಮಗೆ ತಾಳಮದ್ದಳೆ ಗೊತ್ತಿದೆ. ಅಲ್ಲಿ ಪದ್ಯ ಮಾತ್ರ ಮೊದಲೇ ಇರುವುದು, ಮಾತು ಆ ರಾತ್ರಿಯದು. ವಾಲಿಯ ಅರ್ಥಧಾರಿ ಎಸೆದ ಪ್ರಶ್ನೆಗೆ ರಾಮನಾದವನು ಕುಳಿತಲ್ಲಿಯೇ ಉತ್ತರ ಹುಡುಕಬೇಕು. ಕೂಟವನ್ನು ತಡೆಯುವವರು, ಮುಂದಕ್ಕೆ ಒಯ್ಯುವವರು ಭಾಗವತರು. ಕೇಳುತ್ತ ಕುಳಿತವನು ಎದ್ದು ಬಂದು ಅರ್ಥ ಹೇಳುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ. ಮನಸ್ಸಿನೊಳಗೆ ಹೇಳಿಕೊಳ್ಳದವರು ಯಾರು?

ಒಂಬತ್ತನೆಯ ತರಗತಿಯಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಅಜ್ಜಿಯೊಬ್ಬಳು ಪಿಂಚಣಿಯ ಕೆಲಸಕ್ಕಾಗಿ ಆಫೀಸಿಗೆ ಹೋಗುತ್ತಾಳೆ. ನಮೂನೆ ಮಲೆಯಾಳದಲ್ಲಿದೆ. "ತುಂಬಿಸಿಕೊಂಡು ಬನ್ನಿ" ಎನ್ನುತ್ತಾನೆ ಗುಮಾಸ್ತ. ಅಜ್ಜಿ ಹಿಂದಿರುಗುತ್ತಾಳೆ. ಇಷ್ಟೇ ಪ್ರಸಂಗ. ಭಾಗವತನಾದ ಹುಡುಗ ಜಾಗಟೆ ಹೊಡೆದು ಕೇಳಿದ, "ಮುಂದೆ?"

ಮೊದಲು ಬಂದವನು ಮೇಜು ಗುದ್ದಿ ಕೂಗಾಡಿದ. ಗುಮಾಸ್ತ ಊಟದ ಸಮಯವೆಂದು ಎದ್ದು ಹೋದ. ಎರಡನೆಯವಳು ಶುದ್ಧ ಮಲೆಯಾಳದಲ್ಲಿ ಮಾತನಾಡಿದಳು, ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು. ತರಗತಿ ಚಪ್ಪಾಳೆ ತಟ್ಟಿತು. ಆಗ ಹಿಂದಿನ ಬೆಂಚಿನಿಂದ, ವಾರಕ್ಕೊಮ್ಮೆ ಬಾಯಿ ತೆರೆಯುವ ಹುಡುಗನ ಪ್ರಶ್ನೆ ಬಂತು: "ಸರ್, ನಾಳೆ ಅಜ್ಜಿ ಒಬ್ಬಳೇ ಬಂದರೆ?" ಅವನನ್ನೇ ಅಜ್ಜಿ ಮಾಡಿದೆವು. ಅವನು ಕದಲದೆ ಕುಳಿತು ಕನ್ನಡದಲ್ಲೇ ಹೇಳಿದ, "ಕನ್ನಡದ ನಮೂನೆ ಕೊಡಿ. ಇಲ್ಲವಾದರೆ ಇಲ್ಲವೆಂದು ಬರೆದು ಕೊಡಿ." ಗುಮಾಸ್ತನ ಪಾತ್ರದವನು ತಡವರಿಸಿದ. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ಕಡತ ನನ್ನ ತಲೆಯ ಮೇಲಿದೆ, ನನಗೆ ಕನ್ನಡ ಯಾರೂ ಕಲಿಸಲಿಲ್ಲ, ನಾನೇನು ಮಾಡಲಿ?" ಎಂದ. ಅದೂ ನಿಜವೇ. ಬರೆದು ಕೊಟ್ಟ ನಾಟಕದಲ್ಲಿ ಗುಮಾಸ್ತನಿಗೆ ಈ ಮಾತು ಸಿಗುತ್ತಿರಲಿಲ್ಲ, ಅವನನ್ನು ಖಳನಾಯಕ ಮಾಡಿ ಮುಗಿಸುತ್ತಿದ್ದೆವು.

ಮರುದಿನ ಮಕ್ಕಳೇ ಕಾನೂನು ಕೇಳಿಕೊಂಡು ಬಂದರು. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಹೇಳುವ 350 ಎ ವಿಧಿ 1956ರಲ್ಲಿ ಸೇರಿದ್ದು. ನಾನು ಹಲಗೆಯ ಮೇಲೆ ಬರೆದಿದ್ದರೆ ಇವು ಪರೀಕ್ಷೆಯವರೆಗೆ ಬಾಳುತ್ತಿದ್ದವು.

ಮಲೆಯಾಳ ಕಲಿಯಬೇಡಿರೆಂದು ಯಾರೂ ಅರ್ಥ ಮಾಡಬಾರದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತನಾಡಿ ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಲ್ಲ. ಭಾರವಾಗಿರುವುದು ಕೌಂಟರಿನ ಮುಂದಿನ ಮೌನ. ಮನೆಯ ಹಿರಿಯರದನ್ನು ನೋಡಿಯೇ ಮಕ್ಕಳು ಅದನ್ನು ಕಲಿಯುತ್ತಾರೆ.

ಇನ್ನೊಂದು ಎಚ್ಚರಿಕೆ. ಸಮುದಾಯದ 1979ರ ಜಾಥಾ, ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಲ್ಲಿ ತೊಡಗಿದ ಕಲಾಜಾಥಾ ದೊಡ್ಡ ಕೆಲಸಗಳೇ. ಆದರೆ ಅಲ್ಲಿ ಉತ್ತರ ಆಡುವವರ ಜೋಳಿಗೆಯಲ್ಲಿ ಮೊದಲೇ ಇರುತ್ತದೆ. ಇಲ್ಲಿ ಹಾಗಲ್ಲ. ಉತ್ತರ ಹೇಳದೆ ಸುಮ್ಮನಿರುವುದು ಶಿಕ್ಷಕನಿಗೆ ಬಲು ಕಷ್ಟದ ಕೆಲಸ. ನಮ್ಮ ತರಬೇತಿಯೇ ಬೇರೆ.

ಇದಕ್ಕೆ ರಂಗಸಜ್ಜಿಕೆ ಬೇಡ, ದೀಪ ಬೇಡ, ಒಂದು ಪೀರಿಯಡು ಸಾಕು. ಆದರೆ ಮಕ್ಕಳ ಮಾತು ತಿಳಿದ ಶಿಕ್ಷಕ ಬೇಕೇ ಬೇಕು. ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ನೇಮಿಸಿದ್ದಕ್ಕಾಗಿ ನಮ್ಮ ಜಿಲ್ಲೆಯಲ್ಲಿ ಹೆತ್ತವರೂ ಮಕ್ಕಳೂ ಹಲವು ಬಾರಿ ಬೀದಿಗಿಳಿದಿದ್ದಾರೆ. ಅಂತಹ ತರಗತಿಯಲ್ಲಿ ಹಿಂದಿನ ಬೆಂಚಿನ ಆ ಹುಡುಗ ಕೇಳಿದ್ದು ಯಾರಿಗೆ ಅರ್ಥವಾದೀತು?

ಗ್ರಾಮಸಭೆಗೆ ಹೋಗುವ ಮುನ್ನ ವಾಚನಾಲಯಗಳಲ್ಲಿ, ಕುಟುಂಬಶ್ರೀ ಕೂಟಗಳಲ್ಲಿ ಇದನ್ನು ನಡೆಸಬಹುದು. ಸದ್ಯಕ್ಕೆ, ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಭಾಷಣಗಳಿಗೆಂದು ಇಟ್ಟ ಸಮಯದಿಂದ ಅರ್ಧ ಗಂಟೆಯನ್ನು ಇದಕ್ಕಾಗಿ ಬಿಟ್ಟುಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿಯೂ ಹೆತ್ತವರಲ್ಲಿಯೂ ನನ್ನ ವಿನಂತಿ. ಅಜ್ಜಿಯ ಪಾತ್ರಕ್ಕೆ ಅಜ್ಜಿಯಂದಿರೇ ಬಂದರೆ ಇನ್ನೂ ಒಳ್ಳೆಯದು.